ನೇಮರಿ ಭಾಷೆಗೆ ನನ್ನ ನೆಗಡಿ ಹತ್ತಿದ್ದು

ಗದಗ ಆಗಷ್ಟೇ ಹೊಸ ಜಿಲ್ಲೆಯಾಗಿತ್ತು. ಬೆಳ್ಳಟ್ಟಿಯ ನಮ್ಮ ಶಾಲೆಯ ಫಲಕದಲ್ಲಿ ಧಾರವಾಡದ ಹೆಸರಿನ ಮೇಲೆ ಬಣ್ಣ ಬಳಿದಿದ್ದರೂ ಬಿಸಿಲು ಬಿದ್ದಾಗ ಹಳೆಯ ಅಕ್ಷರ ಕಾಣುತ್ತಿತ್ತು. ಆ ಚಳಿಗಾಲದಲ್ಲಿ ಗದಗಿನ ಕ್ಯಾಸೆಟ್ ಅಂಗಡಿಯ ಮಾಲಕರು ನನ್ನನ್ನು ಕರೆಸಿಕೊಂಡರು. ಭಜನೆ, ಕಂಪನಿ ನಾಟಕದ ಹಾಡು ಎಂದು ಕ್ಯಾಸೆಟ್ ಮಾಡಿ ಮಾರುತ್ತಿದ್ದ ಮನುಷ್ಯ. ಈಗ ಮಕ್ಕಳಿಗಾಗಿ ಒಂದು ಮಾಯಾಲೋಕದ ನಾಟಕ ಮಾಡುವ ಹುಚ್ಚು ಹಿಡಿದಿತ್ತು. ನದಿಯ ತಳದಲ್ಲಿ ಒಂದು ರಾಜ್ಯ, ಅಲ್ಲೊಬ್ಬ ಮುದಿ ರಾಣಿ, ಅವಳ ಮೊಮ್ಮಗಳು, ದೀಪ ಕದಿಯಲು ಬರುವ ಮಾಂತ್ರಿಕ. ಕಥೆಯನ್ನು ನಿರೂಪಕ ಕನ್ನಡದಲ್ಲಿ ಹೇಳುತ್ತಾನೆ, ಆದರೆ ಆ ಲೋಕದವರು ತಮ್ಮತಮ್ಮಲ್ಲಿ ಬೇರೆಯೇ ಭಾಷೆ ಆಡಬೇಕು.

"ನೀರಿನ ತಳದಾಗಿನ ಮಂದಿ ನಮ್ಮಂಗ ಮಾತಾಡಿದ್ರ ಯಾವ ಹುಡುಗ ನಂಬ್ತಾನ್ರಿ ಮಾಸ್ತರ? ನೀವು ಧಾರವಾಡದಾಗ ಭಾಷಾಶಾಸ್ತ್ರ ಓದೀರಿ. ಒಂದು ಭಾಷಾ ಮಾಡಿ ಕೊಡ್ರಿ," ಎಂದರು, ಒಂದು ಅಂಗಿ ಹೊಲಿದು ಕೊಡ್ರಿ ಎನ್ನುವ ಹಾಗೆ.

ಓದಿದ ವಿದ್ಯೆಯನ್ನು ಯಾರಾದರೂ ಕೇಳಿದ್ದು ಅದೇ ಮೊದಲು. ಎರಡನೆಯ ಮಾತಿಲ್ಲದೆ ಒಪ್ಪಿಕೊಂಡೆ.

ಬಾಯಿಗೆ ಬಂದದ್ದನ್ನು ಬರೆದು ಕೊಟ್ಟರೂ ಮಾಲಕರಿಗೆ ಗೊತ್ತಾಗುತ್ತಿರಲಿಲ್ಲ. ಆದರೆ ನನಗೆ ಆ ಮೈಗಳ್ಳತನ ಒಗ್ಗಲಿಲ್ಲ. ಭಾಷೆ ಎಂದರೆ ಅದಕ್ಕೊಂದು ಹಿಂದಿನ ಕಾಲ ಇರಬೇಕು. ಪಾಲು ಹಾಲಾಯಿತು, ಪುಲಿ ಹುಲಿಯಾಯಿತು. ಒಂದು ಪದದಲ್ಲಿ ಆದದ್ದು ಅಂಥ ಎಲ್ಲ ಪದಗಳಲ್ಲೂ ಸಾಲಾಗಿ ಆಗುತ್ತ ಹೋಯಿತು. ನನ್ನ ಭಾಷೆಯೂ ಹಾಗೆಯೇ ಸವೆದು ಬಂದಿರಬೇಕು. ಅದರ ಜನರಿಗೆ ನೇಮರು ಎಂದು, ಭಾಷೆಗೆ ನೇಮರಿ ಎಂದು ಹೆಸರಿಟ್ಟೆ. ಬೆಟಗೇರಿಯಲ್ಲಿ ಅಣ್ಣನ ಮನೆ. ಅಲ್ಲಿಯ ಮಗ್ಗದ ಕೋಣೆಯಲ್ಲಿ ರವಿವಾರಗಳಂದು ಕುಳಿತು, ಪ್ರೆಸ್ಸಿನಿಂದ ತಂದ ಕಾಗದದ ಚೂರುಗಳ ಮೇಲೆ ಒಂದೊಂದು ಮೂಲಪದ ಬರೆದೆ. ಆ ಮೇಲೆ ಸಾವಿರ ವರ್ಷಗಳಲ್ಲಿ ಧ್ವನಿಗಳು ಹೇಗೆ ಬದಲಾದವು ಎಂಬುದಕ್ಕೆ ಐದು ನಿಯಮ ಮಾಡಿ, ಒಂದರ ಹಿಂದೆ ಒಂದನ್ನು ಪ್ರತಿ ಚೂರಿಗೂ ಹಚ್ಚಿದೆ.

ಮೊದಲ ಸಲವೇ ಮುಗ್ಗರಿಸಿದೆ. ಎರಡು ಸ್ವರಗಳ ನಡುವಿನ ಕ ಗ ಆಗುತ್ತದೆ, ಗ ಬಿದ್ದುಹೋಗುತ್ತದೆ ಎಂಬವು ಎರಡು ನಿಯಮಗಳು. ನೀರಿಗೆ ಸಕೆ, ನಕ್ಷತ್ರಕ್ಕೆ ಸಗೆ ಎಂದು ಮೂಲಪದಗಳಿದ್ದವು. ನಾನು ಕ-ವನ್ನು ಮೊದಲು ಗ ಮಾಡಿ ಆಮೇಲೆ ಗ-ಗಳನ್ನೆಲ್ಲ ಅಳಿಸಿದ್ದರಿಂದ, ಉಳಿದ ಸ್ವರಗಳು ಕೂಡಿ ನೀರೂ ಸೇ, ನಕ್ಷತ್ರವೂ ಸೇ ಆಗಿ ಕುಳಿತವು. ಇಂಥ ಜೋಡಿಗಳು ಹನ್ನೆರಡಾದವು. ಅಣ್ಣ ಲಾಳಿ ನಿಲ್ಲಿಸಿ ನನ್ನ ಗೋಳು ಕೇಳಿದ. "ಗಂಜಿ ಹಾಕಿದ ನೂಲಿಗೆ ಬಣ್ಣ ಹಾಕಾಕ ಹೋಗ್ಯಾನಂತ ನೋಡು. ಯಾವುದು ಮೊದಲ ಅಂಬೂದು ತಿಳೀಬೇಕಲೇ," ಎಂದ. ನಿಯಮಗಳ ಸರದಿ ಅದಲು ಬದಲು ಮಾಡಿದೆ. ಹಳೆಯ ಗ ಮೊದಲು ಬಿದ್ದು, ಆಮೇಲೆ ಕ ತಾನೇ ಗ ಆಗಿ ಅದರ ಜಾಗದಲ್ಲಿ ಕುಳಿತಿತು. ನೀರು ಸಗೆ ಆಯಿತು, ನಕ್ಷತ್ರ ಸೇ ಆಯಿತು. ಒಮ್ಮೆ ಒಂದಾಗಿ ಬೆರೆತ ಎರಡು ಧ್ವನಿಗಳನ್ನು ಮತ್ತೆ ಬೇರೆ ಮಾಡಲು ಯಾವ ನಿಯಮಕ್ಕೂ ಬರುವುದಿಲ್ಲ ಎಂಬುದು ಭಾಷಾಶಾಸ್ತ್ರದ ಹಳೆಯ ಪಾಠ. ಪರೀಕ್ಷೆಯಲ್ಲಿ ಬರೆದು ಪಾಸಾಗಿದ್ದೆ, ಆದರೆ ಅದರ ಬಿಸಿ ಕೈಗೆ ತಟ್ಟಿದ್ದು ಆಗಲೇ.

ಸಂಕ್ರಾಂತಿ ಹೊತ್ತಿಗೆ ನಾಟಕದ ಮಾತುಗಳೆಲ್ಲ ನೇಮರಿಗೆ ಬಂದವು. ಮಿನಾ ಎಂದರೆ ಮಗು, ರಾಣಿಯ ಮೊಮ್ಮಗಳ ಹೆಸರೂ ಅದೇ. ನಲು ಎಂದರೆ ದೀಪ, ಮೋರ ಎಂದರೆ ನದಿ, ಬೆಗು ಎಂದರೆ ಕಲ್ಲು, ದೋಲು ಎಂದರೆ ಬಾಗಿಲು. 'ಮಿನಾ, ನಲು ತೇ, ಮೋರ ಸೆಗು' ಎಂದು ರಾಣಿ ಕರೆದರೆ, 'ಮಗೂ, ದೀಪ ತಾ, ನದಿ ಎಚ್ಚರಾಗುತ್ತಿದೆ' ಎಂದರ್ಥ. ಪಾತ್ರಧಾರಿಗಳಿಗೆ ಕೊಡಲು ಪ್ರತಿಗಳನ್ನು ಮಾಲಕರ ಕೈಗಿಟ್ಟೆ.

ರಾಣಿಯ ಪಾತ್ರಕ್ಕೆ ಅವರು ಹುಡುಕಿ ತಂದದ್ದು ಒಬ್ಬ ಹಳೆಯ ಕಂಪನಿ ನಟಿಯನ್ನು. ಲಕ್ಷ್ಮೇಶ್ವರದ ಅತ್ತರು ಮಾರುವ ಮುಸಲ್ಮಾನರ ಮನೆತನದವರು. ಡೇರೆ ನಾಟಕಗಳಲ್ಲಿ ರಾಣಿ, ರಾಜಮಾತೆ ಎಂದು ಮೂವತ್ತು ವರ್ಷ ಮೆರೆದು, ಕಂಪನಿ ಮುಚ್ಚಿದ ಮೇಲೆ ಹಿರೇವಡ್ಡಟ್ಟಿಯಲ್ಲಿ ತಂಗಿಯ ಮನೆ ಸೇರಿದ್ದರು. ಎಷ್ಟೋ ವರ್ಷಗಳಿಂದ ಅವರನ್ನು ಯಾರೂ ಒಂದು ಪಾತ್ರಕ್ಕೂ ಕರೆದಿರಲಿಲ್ಲ. ಕಣ್ಣಿಗೆ ಪೊರೆ ಬಂದಿತ್ತು. ನಾನು ಅವರನ್ನು ಕಂಡಿರಲಿಲ್ಲ. ಅವರಿಂದ ಬಂದ ಸುದ್ದಿ ಇಷ್ಟೇ: ಕಾಗದ ಬೇಡ, ಮಾಸ್ತರು ಬಾಯಿಂದ ಪಾಠ ಹೇಳಿ ಟೇಪು ಮಾಡಿ ಕಳಿಸಲಿ. ಕಂಪನಿಯಲ್ಲಿ ಪಾಠ ಕಲಿಯುವುದೇ ಹಾಗೆ. ಒಬ್ಬರು ಹೇಳಬೇಕು, ಇವರು ಕೇಳಿ ಬಾಯಿಪಾಠ ಮಾಡಬೇಕು. ಮೊದಲು ಕಿವಿಗೆ ಬಿದ್ದದ್ದೇ ಪಾಠ, ಅದನ್ನು ತಿರುಗಿ ಪ್ರಶ್ನಿಸುವುದಿಲ್ಲ.

ಆ ವಾರ ನನಗೆ ಹಿಡಿದಿದ್ದ ನೆಗಡಿ ಶತ್ರುವಿಗೂ ಬೇಡ. ಮೂಗು ಎರಡೂ ಕಡೆ ಕಟ್ಟಿ, ಹಾಜರಿ ಕೂಗಿದರೆ ಹುಡುಗರು ನಗುತ್ತಿದ್ದರು. ಮಾಲಕರು ಜಲ್ದಿ ಮಾಡ್ರಿ ಎಂದು ಬೆನ್ನು ಬಿದ್ದಿದ್ದರಿಂದ ಒಂದು ಮಧ್ಯಾಹ್ನ ಶಾಲೆಯ ಕೋಣೆಯಲ್ಲಿ ಕುಳಿತು ರಾಣಿಯ ಮಾತುಗಳನ್ನೆಲ್ಲ ಎರಡು ಟೇಪುಗಳಲ್ಲಿ ತುಂಬಿದೆ. ತಿರುಗಿ ಕೇಳುವ ವ್ಯವಧಾನ ಇರಲಿಲ್ಲ. ಬಸ್ಸಿನ ಕಂಡಕ್ಟರರ ಕೈಯಲ್ಲಿ ಕೊಟ್ಟು ಕಳಿಸಿ, ನಿಶ್ಚಿಂತೆಯಿಂದ ಶುಂಠಿ ಕಷಾಯ ಕುಡಿದು ಮಲಗಿದೆ.

ಮೂರು ವಾರಗಳ ನಂತರ ಧ್ವನಿಮುದ್ರಣ. ಹುಬ್ಬಳ್ಳಿಯಿಂದ ಯಂತ್ರವನ್ನೂ ಅದನ್ನು ನಡೆಸುವವನನ್ನೂ ನಾಲ್ಕೇ ದಿನದ ಮಟ್ಟಿಗೆ ಗೊತ್ತು ಮಾಡಿದ್ದರು. ಅಂಗಡಿಯ ಹಿಂದಿನ ಕೋಣೆಯ ಗೋಡೆಗಳಿಗೆಲ್ಲ ಕೌದಿ ತೂಗುಹಾಕಿ ಹೊರಗಿನ ಸದ್ದು ಮುಚ್ಚಿದ್ದರು. ಮೊಮ್ಮಗಳ ಪಾತ್ರಕ್ಕೆ ಮುಂಡರಗಿಯ ಕಡೆಯ ಕಾಲೇಜು ಹುಡುಗಿ ಬಂದಿದ್ದಳು, ಮುಂದಿನ ವಾರ ಅವಳಿಗೆ ಪರೀಕ್ಷೆ. ರಾಣಿ ಬಂದರು. ಬಿಳಿ ಸೀರೆ, ದಪ್ಪ ಕನ್ನಡಕ, ಬೆನ್ನು ಒಂದಿಷ್ಟೂ ಬಾಗಿರಲಿಲ್ಲ. ನನ್ನನ್ನು ನೋಡಿ ಕೈ ಮುಗಿದು, "ಪಾಠ ಕಲಿಸಿದ ಗುರುಗಳು," ಎಂದರು. ನಾನು ಉಬ್ಬಿಹೋದೆ.

ಮೈಕಿನ ಮುಂದೆ ನಿಂತು ಅವರು ಬಾಯಿ ತೆರೆದರು. "ಬಿದಾ, ದಲು ತೇ, ಬೋರ ಸೆಗು."

ಎಂಥ ದನಿ ಅದು. ಯಂತ್ರ ನಡೆಸುವವನೇ ಕತ್ತೆತ್ತಿ ನೋಡಿದ. ಆದರೆ ಮಿನಾ ಇರಬೇಕಾದಲ್ಲಿ ಬಿದಾ, ನಲು ಇರಬೇಕಾದಲ್ಲಿ ದಲು, ಮೋರ ಇರಬೇಕಾದಲ್ಲಿ ಬೋರ. ಮುಂದಿನ ಮಾತೂ ಹಾಗೆಯೇ, ಅದರ ಮುಂದಿನದೂ ಹಾಗೆಯೇ. ಮ ಎಲ್ಲ ಬ, ನ ಎಲ್ಲ ದ. ಐದನೆಯ ಮಾತಿಗೆ ನನಗೆ ಅರ್ಥವಾಯಿತು. ಅವರು ಒಂದು ಧ್ವನಿಯನ್ನೂ ತಪ್ಪು ಕಲಿತಿರಲಿಲ್ಲ. ಕಟ್ಟಿದ ಮೂಗಿನಿಂದ ನಾನು ಏನು ಹೇಳಿದ್ದೆನೋ ಅದನ್ನೇ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಒಪ್ಪಿಸುತ್ತಿದ್ದರು.

ಕಾಗದ ಓದಿ ಕಲಿತ ಹುಡುಗಿ ಗಾಬರಿಯಾಗಿ ನನ್ನ ಕಡೆ ನೋಡಿದಳು. ಮಾಲಕರು ಪ್ರತಿ ಹಿಡಿದು ಬೆರಳಿಟ್ಟು ನೋಡಿ, ನನ್ನನ್ನು ಬಾಗಿಲ ಹೊರಗೆ ಕರೆದರು. "ವಯಸ್ಸಾತ್ರಿ ಮಾಸ್ತರ. ನಾಲಿಗಿ ಹೊರಳವಲ್ದು. ನಾ ಸಣ್ಣಾಂವ ಇದ್ದಾಗ ಕೇಳಿದ್ದ ದನಿ ಅಂತ ಆಸೆ ಮಾಡಿ ಕರಕೊಂಡ ಬಂದೆ, ತಪ್ಪಾತು."

ಆಗಲೇ ಹೇಳಬೇಕಿತ್ತು, ತಪ್ಪು ನಾಲಿಗೆಯದಲ್ಲ, ನನ್ನ ಮೂಗಿನದು ಎಂದು. ಹೇಳಲಿಲ್ಲ. ಭಾಷಾಶಾಸ್ತ್ರದ ಪಂಡಿತ ಎಂದು ಕರೆಸಿಕೊಂಡವನು ನೆಗಡಿಯಲ್ಲಿ ಪಾಠ ಹೇಳಿ, ತಿರುಗಿ ಕೇಳದೆ ಕಳಿಸಿದೆ ಎನ್ನಲು ನಾಚಿಕೆಯಾಯಿತು. "ಮಧ್ಯಾಹ್ನದ ತನಕ ಟೈಮ್ ಕೊಡ್ರಿ, ತಿದ್ದತೀನಿ," ಎಂದಷ್ಟೇ ಅಂದೆ. ಆ ದಿನ ನೆನಪಾದರೆ ಇಂದಿಗೂ ನನ್ನ ಮೇಲೆ ನನಗೆ ಸಿಟ್ಟು ಬರುತ್ತದೆ.

ಹಿಂದಿನ ಕೋಣೆಯ ಮೂಲೆಯಲ್ಲಿ ಅವರ ಎದುರು ಕುಳಿತೆ. ಬಾಯಿ ತೆರೆಯುವ ಮೊದಲೇ ಅವರು ಕೇಳಿದರು, "ನೆಗಡಿ ಹೋತೇನ್ರಿ ಮಾಸ್ತರ?"

"ಅಕ್ಕಾರ, ನಿಮಗ ಗೊತ್ತಿತ್ತೇನ್ರಿ?"

"ಗೊತ್ತಾಗಲಾರದ ಏನ್ರಿ. ಟೇಪಿನ್ಯಾಗ ಒಂದು, ಎರಡು, ಬೂರು ಅಂತ ಎಣಿಸಿದ್ರಿ. ಖರೆ, ಯಾವುದು ನೆಗಡಿದು, ಯಾವುದು ಭಾಷಾದ್ದು ಅಂತ ನನಗ ಹ್ಯಾಂಗ ತಿಳೀಬೇಕು? ಆ ರಾಜ್ಯಾನ ನಾ ಕಂಡಿಲ್ಲ. ಗುರು ಹೇಳಿದ್ದ ಪಾಠ ಅಂದುಕೊಂಡೆ."

"ಮಾಲಕರ ಮುಂದ ಯಾಕ ಹೇಳಲಿಲ್ರಿ?"

ಅವರು ಕನ್ನಡಕ ತೆಗೆದು ಸೆರಗಿನಿಂದ ಒರೆಸಿದರು. "ಪಾಠ ಹೇಳಿದವರ ಹೆಸರು ಹೇಳಿ ತಪ್ಪಿಸಿಕೊಳ್ಳೋದು ಕಂಪನಿ ರೀತಿ ಅಲ್ಲರಿ."

ನೆಲ ಬಾಯಿ ಬಿಟ್ಟರೆ ಇಳಿದುಬಿಡುತ್ತಿದ್ದೆ.

ತಿದ್ದಲು ಕುಳಿತಾಗ ಅಸಲಿ ಸಂಕಟ ಶುರುವಾಯಿತು. ಬ ಇದ್ದಲ್ಲೆಲ್ಲ ಮ ಹೇಳಿ ಎಂದರೆ ಮುಗಿಯುತ್ತಿರಲಿಲ್ಲ. ನೇಮರಿಯಲ್ಲಿ ನಿಜವಾದ ಬ, ನಿಜವಾದ ದ ಕೂಡ ಇದ್ದವು. ಬೆಗು ಬೆಗುವೇ, ದೋಲು ದೋಲೇ. ಅವರ ಕಿವಿಯಲ್ಲಿ ಎಲ್ಲವೂ ಬೆರೆತು ಒಂದಾಗಿದ್ದವು. ಬೋರ ತಿದ್ದಿದರೆ ಬೆಗು ಹೋಗಿ ಮೆಗು ಆಗುತ್ತಿತ್ತು, ದಲು ತಿದ್ದಿದರೆ ದೋಲು ನೋಲು ಆಗುತ್ತಿತ್ತು. ಒಂದೊಂದು ಪದಕ್ಕೂ ನಿಂತು ನನ್ನ ಮುಖ ನೋಡತೊಡಗಿದರು. ಎರಡು ತಾಸಿನಲ್ಲಿ ಆ ದನಿಯ ಗತ್ತು ಇಳಿದುಹೋಗಿ, ಶಾಲೆಯಲ್ಲಿ ಮಗ್ಗಿ ತಪ್ಪಿದ ಮಗುವಿನ ದನಿ ಬಂತು. ನನ್ನ ಕೈಯಾರೆ ಒಬ್ಬ ರಾಣಿಯನ್ನು ತೊದಲಿಸಿಬಿಟ್ಟಿದ್ದೆ.

ಮಾಲಕರು ಬಾಗಿಲಲ್ಲಿ ನಿಂತು ಕೇಳುತ್ತಿದ್ದರು. ಅಂದು ಉಳಿದವರ ದೃಶ್ಯಗಳಲ್ಲಿ ಅರ್ಧ ಮುಗಿಸಿದರು. ಸಂಜೆ ಅಂಗಡಿಯ ಮುಂದೆ ನನಗೆ ಹೇಳಿದರು, "ಹುಬ್ಬಳ್ಳಿಯಿಂದ ಇನ್ನೊಬ್ಬಾಕಿ ಬರ್ತಾಳ, ಓದಿ ಹೇಳ್ತಾಳ. ಅಕ್ಕಾರಿಗೆ ನಾಳೆ ಮುಂಜಾನೆ ನಾನ ಹೇಳತೀನಿ, ನೀವು ಮನಸ್ಸಿಗೆ ಹಚ್ಕೋಬ್ಯಾಡ್ರಿ."

"ಮುಂಜಾನಿ ನಾ ಬರೋತನಕ ಹೇಳಬ್ಯಾಡ್ರಿ," ಎಂದೆ. ಅವರು ಭುಜ ಕುಣಿಸಿ ಒಪ್ಪಿದರು.

ಬೆಟಗೇರಿಗೆ ಹೋಗಿ ಮಗ್ಗದ ಕೋಣೆಯಲ್ಲಿ ಚೂರುಗಳನ್ನು ಹರಡಿದೆ. ಮೊದಲು ಹೊಳೆದದ್ದು, ರಾಣಿಗಾಗಿ ಎಲ್ಲರ ಮಾತನ್ನೂ ಬ, ದ ಮಾಡಿಬಿಡುವುದು. ಆದರೆ ಉಳಿದವರ ಅರ್ಧ ನಾಟಕ ಮುದ್ರಣವಾಗಿತ್ತು. ಚೂರುಗಳನ್ನು ಅತ್ತಿತ್ತ ಸರಿಸುತ್ತ ಕುಳಿತಾಗ, ನಾನು ಇಡೀ ದಿನ ಒಂದು ಪ್ರಶ್ನೆಯನ್ನು ಕೇಳಿಕೊಂಡೇ ಇರಲಿಲ್ಲ ಎನ್ನುವುದು ತಲೆಗೆ ಬಂತು. ಮುದಿ ರಾಣಿ ತನ್ನ ಮೊಮ್ಮಗಳ ಹಾಗೆಯೇ ಏಕೆ ಮಾತಾಡಬೇಕು? ಎಪ್ಪತ್ತು ದಾಟಿದವರೂ ಹದಿನೆಂಟು ತುಂಬದವರೂ ಒಂದೇ ರೀತಿ ಆಡುವ ಮನೆ ಯಾವುದಿದೆ? ಸಾವಿರ ವರ್ಷ ಸವೆದ ಭಾಷೆ ಎಂದು ಜಂಬ ಕೊಚ್ಚಿಕೊಂಡಿದ್ದೆ, ಆದರೆ ಅರಮನೆಯಲ್ಲಿ ಎಲ್ಲರನ್ನೂ ಒಂದೇ ದಿನ ಹುಟ್ಟಿಸಿದ್ದೆ.

ನೆಗಡಿಯ ದೊಡ್ಡ ಗುಣವೆಂದರೆ ಅದು ಪಕ್ಷಪಾತ ಮಾಡುವುದಿಲ್ಲ. ಎಲ್ಲ ಮ ಬ ಆಗಿತ್ತು, ಎಲ್ಲ ನ ದ ಆಗಿತ್ತು. ಧ್ವನಿನಿಯಮದ ಲಕ್ಷಣವೂ ಅದೇ ತಾನೆ. ತೊಡಕು ಒಂದೇ. ರಾಣಿಯ ಬ-ದಿಂದ ಮೊಮ್ಮಗಳ ಮ ಬಂತು ಎಂದರೆ, ಬೆಗು ಏಕೆ ಮೆಗು ಆಗಲಿಲ್ಲ? ಬೆರೆತದ್ದು ಬೇರೆಯಾಗುವುದಿಲ್ಲ. ಹಾಗಾದರೆ ಎರಡಕ್ಕೂ ಹಿಂದಿನ ಮೂಲದಲ್ಲಿ ಎರಡು ಬೇರೆ ಧ್ವನಿಗಳೇ ಇರಬೇಕು. ಕಲ್ಲಿನದು ಬರಿಯ ಬ. ನದಿಯದು ಮೂಗು ಬಾಯಿ ಎರಡೂ ಕೂಡಿ ಹುಟ್ಟುವ ಜೋಡಿ ಧ್ವನಿ, ಮ್ಬ. ಮ್ಬೋರ. ಅರಮನೆಯ ಹಿರಿಯರು ಅದರ ಮೂಗಿನ ಭಾಗ ಬಿಟ್ಟು ಬೋರ ಎಂದರು, ಹೊಸ ಪೀಳಿಗೆ ಬಾಯಿಯ ಭಾಗ ಬಿಟ್ಟು ಮೋರ ಎಂದಿತು. ಹಾಗೆಯೇ ದೀಪ ಮೂಲದಲ್ಲಿ ನ್ದಲು, ಹಿರಿಯರಿಗೆ ದಲು, ಕಿರಿಯರಿಗೆ ನಲು. ಬೆಗು, ದೋಲು ಇಬ್ಬರ ಬಾಯಲ್ಲೂ ಮೊದಲಿನ ಹಾಗೆಯೇ. ನಿಯಮಗಳ ಸಾಲಿನಲ್ಲಿ ಆರನೆಯದೊಂದು ಸೇರಿತು, ಅದು ಕವಲೊಡೆಯುವ ನಿಯಮ. ರಾಣಿಯ ಪಾತ್ರದ ಅರವತ್ತೆರಡು ಪದಗಳ ಹುಟ್ಟನ್ನೂ ಮತ್ತೆ ಬರೆದೆ. ಮೊದಲಿಗಿಂತ ಚೆನ್ನಾಗಿ ಹೊಂದಿಕೊಂಡವು.

ಒಂದೇ ಒಂದು ಪದ ಮೊಂಡು ಹಿಡಿಯಿತು. ಅಕ್ಕಾರು ಹಿಂತಿರುಗಿಸಿದ್ದ ಟೇಪುಗಳನ್ನು ಹಾಕಿ ಕೇಳುವಾಗ, ತಾಯಿಯನ್ನೂ ಅಜ್ಜಿಯನ್ನೂ ಕರೆಯುವ ಮಾಯು ಎಂಬ ಪದದಲ್ಲಿ ಮ ಶುದ್ಧವಾಗಿ ಕೇಳಿಸಿತು. ಅದನ್ನು ಹೇಳುವ ಮೊದಲು ಒಮ್ಮೆ ಬಿಸಿನೀರಿನ ಹಬೆ ತೆಗೆದುಕೊಂಡದ್ದು ನೆನಪಾಯಿತು. ಅವರು ಅದನ್ನೂ ಹಾಗೆಯೇ ಕಲಿತಿದ್ದರು. ಸ್ವಲ್ಪ ಹೊತ್ತು ತಲೆ ಕೆರೆದುಕೊಂಡು ಬಿಟ್ಟುಬಿಟ್ಟೆ. ಲೋಕದ ಭಾಷೆಗಳಲ್ಲೂ ಕೂಸುಗಳು ಮೊದಲು ಕಲಿಯುವ ಇಂಥ ಮಾತು ನಿಯಮಕ್ಕೆ ತಲೆಬಾಗದೆ ಉಳಿದುಬಿಡುವುದುಂಟು. ರಾಣಿಯೂ ಒಂದು ಕಾಲಕ್ಕೆ ಕೂಸಾಗಿದ್ದವಳೇ.

ಬೆಳಿಗ್ಗೆ ಅಂಗಡಿ ತೆರೆಯುವ ಮೊದಲೇ ಹೋಗಿ ಕಟ್ಟೆಯ ಮೇಲೆ ಕುಳಿತೆ. ಮಾಲಕರೂ ಅಕ್ಕಾರೂ ಬಂದ ಮೇಲೆ ಇಬ್ಬರ ಎದುರೇ ಹೇಳಿದೆ. "ಅಕ್ಕಾರ ನಾಲಿಗಿ ಹೊರಳವಲ್ದು ಅಂದ್ರಿ ನೀವು. ಸುಳ್ಳು. ನಾ ನೆಗಡ್ಯಾಗ ಪಾಠ ಹೇಳೇನಿ. ನಾ ಹೇಳಿದ್ದನ್ನ ಅವರು ಹೇಳ್ಯಾರ. ನಿನ್ನೆ ಹೇಳಾಕ ಬಾಯಿ ಬರಲಿಲ್ಲ, ತಪ್ಪು ನಂದು." ಟೇಪನ್ನೂ ಹಾಕಿ ಕೇಳಿಸಿದೆ. 'ಬೂರು' ಬಂದಾಗ ಯಂತ್ರ ನಡೆಸುವವನು ಮುಖ ಆ ಕಡೆ ತಿರುಗಿಸಿಕೊಂಡ.

ಮಾಲಕರು ನನ್ನನ್ನೇ ದಿಟ್ಟಿಸಿದರು. ಬೈದರೆ ಬೈಸಿಕೊಳ್ಳಲು ತಯಾರಾಗಿದ್ದೆ. "ಹಂಗಾರ ಈಗೇನು ಮಾಡೂದು?" ಎಂದರು.

"ನೆಗಡಿ ಬಂತಂತ ಮೂಗ ಕೊಯ್ಕೊಳ್ಳಾಕ ಆಗತೈತೇನ್ರಿ," ಎಂದರು ಅಕ್ಕಾರು, ನನ್ನನ್ನು ನೋಡಿ ಮೊದಲ ಸಲ ನಗುತ್ತ.

"ಅಕ್ಕಾರು ಕಲಿತದ್ದ ಇರಲಿ," ಎಂದೆ. "ರಾಣಿ ಹಳೇ ಮಂದಿ. ಆಕಿ ಮಾತು ಹಳೇದು, ಮೊಮ್ಮಗಳ ಮಾತು ಹೊಸಾದು. ಎರಡೂ ಒಂದ ಬೇರಿನ್ಯಾಗಿಂದ ಬಂದಾವ." ಚೂರುಗಳನ್ನು ಗಲ್ಲಾಪೆಟ್ಟಿಗೆಯ ಮೇಲೆ ಜೋಡಿಸಿ ತೋರಿಸಿದೆ.

"ಕೇಳೋ ಹುಡುಗರಿಗೆ ಇದು ತಿಳೀತೈತೇನ್ರಿ?"

"ನಿಮ್ಮ ಅಜ್ಜಿ ಮಾತು ನಿಮ್ಮ ಮಗಳ ಮಾತು ಒಂದ ಇದ್ದವೇನ್ರಿ ಮಾಲಕ್ರ?"

ಅವರು ಒಂದು ಚೂರು ಎತ್ತಿಕೊಂಡರು. "ನಮ್ಮಜ್ಜಿ ಮಾತಿಗೆ ನನ್ನ ಮಗಳು ನಗತಿದ್ಲು," ಎಂದು, ಚೂರನ್ನು ತಿರುಗಿ ಅದರ ಜಾಗದಲ್ಲಿಟ್ಟು, "ಒಂದು ಸೀನ್ ಮಾಡಿ ನೋಡೂಣು," ಎಂದರು.

ಆ ಒಂದು ದೃಶ್ಯ ನನ್ನ ಎಲ್ಲ ನಿಯಮಗಳಿಗಿಂತ ಮಿಗಿಲಾಯಿತು. ಇನ್ನು ಯಾವ ಪದಕ್ಕೂ ನಿಲ್ಲಬೇಕಾಗಿಲ್ಲ ಎಂದು ತಿಳಿದೊಡನೆ ಅಕ್ಕಾರ ದನಿಗೆ ನಿನ್ನೆಯ ಗತ್ತು ತಾನಾಗಿ ಮರಳಿತು. "ಬಿದಾ," ಎಂದು ಕರೆದರು. "ಮಾಯು," ಎಂದು ಹುಡುಗಿ ಓಗೊಟ್ಟಳು. ಒಬ್ಬರು ದಲು ಎನ್ನುತ್ತಿದ್ದರೆ ಇನ್ನೊಬ್ಬಳು ನಲು ಎನ್ನುತ್ತಿದ್ದಳು, ಮತ್ತು ಇಬ್ಬರೂ ಒಂದೇ ಮನೆಯವರು ಎಂಬುದರಲ್ಲಿ ಯಾರಿಗೂ ಅನುಮಾನ ಬರುವಂತಿರಲಿಲ್ಲ. ಮಾಲಕರು ಹೊರಗೆ ಹೋಗಿ ಹುಬ್ಬಳ್ಳಿಗೆ ಫೋನು ಹಚ್ಚಿ, ಬರುವುದು ಬೇಡ ಎಂದು ತಿಳಿಸಿ ಬಂದರು. ಎದೆಯ ಮೇಲಿನ ಚಪ್ಪಡಿ ಇಳಿದಂತಾಗಿ ನಾನು ಅಲ್ಲೇ ಕೌದಿಗೆ ಒರಗಿ ಕುಳಿತುಬಿಟ್ಟೆ.

ನಾಲ್ಕನೆಯ ದಿನ ಕೊನೆಯ ದೃಶ್ಯ. ರಾಣಿ ತೀರಿಕೊಂಡಿದ್ದಾಳೆ. ಮೊಮ್ಮಗಳು ಒಬ್ಬಳೇ ನದಿಯ ಬಾಗಿಲಿಗೆ ಬಂದು ದೀಪ ಹಿಡಿದು ನಿಲ್ಲುತ್ತಾಳೆ. ಪ್ರತಿಯಲ್ಲಿ ಅವಳಿಗೆ ನಾನು ಬರೆದದ್ದು 'ನಲು ತೇ, ಮೋರ ಸೆಗು' ಎಂದು. ಪಾತ್ರ ಮುಗಿದಿದ್ದರೂ ಅಕ್ಕಾರು ಊರಿಗೆ ಹೋಗದೆ, ಮೂಲೆಯ ಕುರ್ಚಿಯಲ್ಲಿ ಕೈ ಕಟ್ಟಿ ಕುಳಿತು ಕೇಳುತ್ತಿದ್ದರು. ಹುಡುಗಿ ಮೈಕಿನ ಮುಂದೆ ಕಣ್ಣು ಮುಚ್ಚಿ ನಿಂತಳು.

"ದಲು ತೇ," ಎಂದಳು. "ಬೋರ ಸೆಗು."

ಯಂತ್ರ ನಿಂತಿತು. ಮಾಲಕರು ಪ್ರತಿ ನೋಡಿ, "ತಪ್ಪಾತೇನ್ರಿ ಮಾಸ್ತರ? ಮತ್ತೊಮ್ಮೆ ಹೇಳಸೂಣೇನು?" ಎಂದು ಕೇಳಿದರು.

ನಾನು ಬೇಡ ಎಂದು ಕೈ ಮಾಡಿದೆ. ಹುಡುಗಿ ಹೆದರಿದ್ದಳು. ಅಕ್ಕಾರು ಎದ್ದು ಬಂದು ಅವಳ ಗದ್ದ ಹಿಡಿದರು. "ಹಂಗನ್ನಾಕ ಯಾರು ಕಲಿಸಿದ್ರು ಬೇಟಿ?"

"ಯಾರೂ ಕಲಿಸಲಿಲ್ರಿ," ಎಂದಳು ಅವಳು. "ನೀವು ತೀರಿಕೊಂಡ್ರಲ್ಲ. ಇನ್ನ ನಾ ಅನ್ನಲಿಲ್ಲಂದ್ರ ಯಾರಂತಾರ್ರಿ?"